ಪ್ರೊಟೆಸ್ಟ್ ಗೆದ್ದ ಮೇಲೆ ಖರ್ಚು ವಾಪಸ್ ಪಡೆಯುವುದು ಹೇಗೆ? ಅಮೆರಿಕದಲ್ಲಿ ಸರ್ಕಾರಿ ಗುತ್ತಿಗೆಗೆ ಬಿಡ್ ಮಾಡುವ ಸಣ್ಣ ಕಂಪನಿಗಳಿಗೆ

ಅಮೆರಿಕದ ಫೆಡರಲ್ ಸರ್ಕಾರಕ್ಕೆ ಸಾಫ್ಟ್‌ವೇರ್, ಸಿಬ್ಬಂದಿ, ನಿರ್ವಹಣೆ ಅಂತ ಏನಾದರೊಂದು ಸೇವೆ ಕೊಡುವ ಸಣ್ಣ ಕಂಪನಿಗಳಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಯುಗಾದಿ ಊಟದ ಪಂಕ್ತಿಯಲ್ಲಿ ಕೂತರೆ ಅಂಥವರು ಒಬ್ಬರಾದರೂ ಸಿಗುತ್ತಾರೆ. "ಈ ಸಲ ಬಿಡ್ ಕೈತಪ್ಪಿತು, ಅವರು ಅಂಕ ಹಾಕಿದ್ದೇ ತಪ್ಪು ಕಣ್ರೀ" ಅನ್ನುತ್ತಾರೆ. ಹಾಗಾದರೆ ಪ್ರೊಟೆಸ್ಟ್, ಅಂದರೆ ಗುತ್ತಿಗೆ ಕೊಟ್ಟ ರೀತಿ ತಪ್ಪು ಅನ್ನುವ ತಕರಾರು ಅರ್ಜಿ, ಯಾಕೆ ಹಾಕಲಿಲ್ಲ ಅಂತ ಕೇಳಿದರೆ ಬರುವ ಉತ್ತರ ಒಂದೇ: "ವಕೀಲರ ಫೀಸು ಯಾರು ಕೊಡ್ತಾರೆ?"

ತಪ್ಪು ಸರ್ಕಾರದ್ದೇ ಅಂತ ಸ್ಪಷ್ಟವಾದರೆ, ಎಷ್ಟೋ ಸಲ ಸರ್ಕಾರವೇ ಕೊಡುತ್ತದೆ. ಆದರೆ ತಾನಾಗಿ ಕೊಡುವುದಿಲ್ಲ. ಸರಿಯಾದ ದಿನದೊಳಗೆ, ಸರಿಯಾದ ಕಾಗದದ ಜೊತೆ ಕೇಳಬೇಕು.

ನಾನು ಇಂಥದ್ದೇ ಒಂದು ಸಣ್ಣ ಕಂಪನಿಯಲ್ಲಿ ಗುತ್ತಿಗೆ ಕಾಗದಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಮೊದಲ ಪ್ರೊಟೆಸ್ಟ್‌ನಲ್ಲಿ ವಕೀಲರ ಬಿಲ್ಲಿನ ಹಣ ಬಹುಪಾಲು ವಾಪಸ್ ಬಂತು. ನಮ್ಮವರೇ ಹಗಲುರಾತ್ರಿ ದುಡಿದ ಗಂಟೆಗಳಿಗೆ ಮಾತ್ರ ಅರ್ಧದಷ್ಟೂ ಸಿಗಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆ ತಪ್ಪು ಇನ್ನೊಬ್ಬರಿಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಈ ಹಕ್ಕು ಎಲ್ಲಿಂದ ಬಂತು

1984ರಲ್ಲಿ ಅಮೆರಿಕದ ಸಂಸತ್ತು ಕಾಂಪಿಟಿಷನ್ ಇನ್ ಕಾಂಟ್ರಾಕ್ಟಿಂಗ್ ಆಕ್ಟ್ ಅನ್ನುವ ಕಾನೂನು ಮಾಡಿತು. ಈ ಕ್ಷೇತ್ರದವರೆಲ್ಲ ಅದನ್ನು ಸೀಕಾ ಅಂತ ಕರೆಯುತ್ತಾರೆ. ಗುತ್ತಿಗೆ ಕೊಟ್ಟ ರೀತಿಯ ಬಗ್ಗೆ ತಕರಾರಿದ್ದರೆ ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್, ಅಂದರೆ ಜಿಎಒ ಮುಂದೆ ಪ್ರೊಟೆಸ್ಟ್ ಹಾಕಬಹುದು. ಜಿಎಒ ಕೋರ್ಟ್ ಅಲ್ಲ. ಅದು ಸಂಸತ್ತಿನ ಕೆಳಗೆ ಕೆಲಸ ಮಾಡುವ ಲೆಕ್ಕಪರಿಶೋಧನೆಯ ಸಂಸ್ಥೆ. ಅಲ್ಲಿನ ವಕೀಲರು ಎರಡೂ ಕಡೆಯ ವಾದ ಓದಿ 100 ದಿನದೊಳಗೆ ತೀರ್ಮಾನ ಕೊಡುತ್ತಾರೆ.

ಖರ್ಚಿನ ನಿಯಮ ಇರುವುದು ಫೆಡರಲ್ ನಿಯಮಾವಳಿಯ 4ನೇ ಶೀರ್ಷಿಕೆ, 21ನೇ ಭಾಗದ 21.8ನೇ ಕಲಂನಲ್ಲಿ. ಒಂದೂವರೆ ಪುಟದಷ್ಟಿದೆ. ಅದನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟುಕೊಳ್ಳಿ. ಅಲ್ಲಿ ಎರಡು ಬಗೆಯ ಖರ್ಚಿನ ಮಾತಿದೆ. ಒಂದು, ಪ್ರೊಟೆಸ್ಟ್ ಹಾಕಿ ನಡೆಸಿದ ಖರ್ಚು. ವಕೀಲರ ಫೀಸು, ತಜ್ಞರ ಫೀಸು, ನಿಮ್ಮ ಸಿಬ್ಬಂದಿಯ ಸಮಯ ಎಲ್ಲ ಇದರಲ್ಲೇ ಬರುತ್ತದೆ. ಇನ್ನೊಂದು, ಬಿಡ್ ತಯಾರಿಸಿದ ಖರ್ಚು. ಈ ಎರಡನೆಯದು ಸಿಗುವುದು ಅಪರೂಪ. ಗುತ್ತಿಗೆ ಕೆಲಸ ಆಗಲೇ ಮುಗಿದು ಹೋಗಿದೆ, ಹೊಸದಾಗಿ ಸ್ಪರ್ಧೆ ನಡೆಸಿ ಪ್ರಯೋಜನ ಇಲ್ಲ ಅನ್ನುವ ಸ್ಥಿತಿಯಲ್ಲಿ ಅದನ್ನು ಕೊಡಿಸುತ್ತಾರೆ. ಹಾಗಾಗಿ ಇಲ್ಲಿ ನಾನು ಹೇಳುವುದೆಲ್ಲ ಹೆಚ್ಚಾಗಿ ಮೊದಲನೆಯದರ ಬಗ್ಗೆ.

ಒಂದು ಮಾತು ಗಮನದಲ್ಲಿರಲಿ. ಜಿಎಒ "ಹಣ ಕೊಡಿ" ಅಂತ ಆಜ್ಞೆ ಮಾಡುವುದಿಲ್ಲ, ಶಿಫಾರಸು ಮಾಡುತ್ತದೆ. ಶಿಫಾರಸು ಬಂದ ಮೇಲೆ ಏಜೆನ್ಸಿ, ಅಂದರೆ ಗುತ್ತಿಗೆ ಕರೆದ ಸರ್ಕಾರಿ ಇಲಾಖೆ, ಬೇಗ ಹಣ ಕೊಡಬೇಕು, ಕೊಡದಿದ್ದರೆ ಯಾಕೆ ಕೊಡಲಿಲ್ಲ ಅಂತ ಜಿಎಒಗೆ ತಿಳಿಸಬೇಕು ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ಶಿಫಾರಸು ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ.

ಕರ್ನಾಟಕದಲ್ಲಿ ಸರ್ಕಾರಿ ಖರೀದಿಯ ಪಾರದರ್ಶಕತೆಗಿರುವ ಕೆಟಿಪಿಪಿ ಕಾಯ್ದೆಯ 16ನೇ ಕಲಂ ಪ್ರಕಾರ ಟೆಂಡರ್ ಮೇಲ್ಮನವಿ ಹಾಕಿ ಅಭ್ಯಾಸ ಇದ್ದವರಿಗೆ ಇದು ಹೊಸದು ಅನ್ನಿಸಬಹುದು. ಇಲ್ಲಿ ತಕರಾರು ಒಂದು ಕಥೆ, ಖರ್ಚು ಕೇಳುವುದು ಇನ್ನೊಂದು ಕಥೆ. ಖರ್ಚಿಗೆ ಅದರದ್ದೇ ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಿಗೂ ಒಂದು ಗಡುವು ಇದೆ.

ಹೆಜ್ಜೆ 1: ಪ್ರೊಟೆಸ್ಟ್ ಯೋಚನೆ ಬಂದ ದಿನವೇ ಲೆಕ್ಕ ಶುರು ಮಾಡಿ

ಇದೇ ಎಲ್ಲಕ್ಕಿಂತ ಮುಖ್ಯ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಗುತ್ತಿಗೆ ಬೇರೆಯವರಿಗೆ ಹೋಯಿತು ಅಂತ ಗೊತ್ತಾದ ಮೇಲೆ ಪ್ರೊಟೆಸ್ಟ್ ಹಾಕಲು ಸಿಗುವುದು ಸಾಮಾನ್ಯವಾಗಿ 10 ದಿನ. ಏಜೆನ್ಸಿ ಕಡ್ಡಾಯವಾಗಿ ಡಿಬ್ರೀಫಿಂಗ್, ಅಂದರೆ ನಿಮ್ಮ ಬಿಡ್ ಯಾಕೆ ಆಯ್ಕೆ ಆಗಲಿಲ್ಲ ಅನ್ನುವ ವಿವರಣೆ, ಕೊಡಬೇಕಾದ ಕಡೆ ಆ ಡಿಬ್ರೀಫಿಂಗ್ ಮುಗಿದ ಮೇಲೆ 10 ದಿನ. ಗುತ್ತಿಗೆ ಕೆಲಸವೂ ನಿಲ್ಲಬೇಕು ಅಂದರೆ ಇನ್ನೂ ಬೇಗ ಓಡಬೇಕು. ಅಷ್ಟು ಗಡಿಬಿಡಿಯಲ್ಲಿ ಟೈಮ್‌ಶೀಟ್ ಯಾರಿಗೆ ನೆನಪಾಗುತ್ತದೆ? ನಮಗೂ ಆಗಲಿಲ್ಲ.

ತಿಂಗಳುಗಳು ಕಳೆದ ಮೇಲೆ ಖರ್ಚು ಕೊಡಿ ಅಂತ ಜಿಎಒ ಶಿಫಾರಸು ಬಂತು. ಒಂದು ಭಾನುವಾರ ಸಂಜೆ ನಾನು, ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಇಬ್ಬರೂ ಅವರ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಹಳೆಯ ಇಮೇಲ್, ಕ್ಯಾಲೆಂಡರ್, ಫೋನಿನ ಕರೆ ಪಟ್ಟಿ ಎಲ್ಲ ಕೆದಕಿದೆವು. ಯಾವ ದಿನ ಎಷ್ಟು ಗಂಟೆ ಕೆಲಸ ಮಾಡಿದ್ದೆವು ಅಂತ ನೆನಪಿನಿಂದ ಬರೆದೆವು. ಒಂಬತ್ತು ದಿನಕ್ಕೆ ಸಾಲಾಗಿ ಒಂದೇ ವಾಕ್ಯ ಬಿತ್ತು: "ಪ್ರೊಟೆಸ್ಟ್ ಕೆಲಸ, 8 ಗಂಟೆ." ಏಜೆನ್ಸಿಯ ಉತ್ತರದಲ್ಲಿ ಮೂರೇ ಪ್ರಶ್ನೆ ಇದ್ದವು. ಯಾರು ಮಾಡಿದ್ದು? ಏನು ಮಾಡಿದ್ದು? ಅದು ಪ್ರೊಟೆಸ್ಟ್‌ನ ಯಾವ ವಿಷಯಕ್ಕೆ ಬೇಕಿತ್ತು? ನಿಜವಾಗಿ ಆ ಗಂಟೆಗಳು ದುಡಿದದ್ದೇ. ಆದರೆ ತೋರಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಜಿಎಒ ವರ್ಷಗಳಿಂದ ಹೇಳುತ್ತಾ ಬಂದಿರುವುದೂ ಇದನ್ನೇ. ಖರ್ಚು ನಿಜವಾಗಿ ಆಗಿದೆ, ಅದು ಈ ಪ್ರೊಟೆಸ್ಟ್‌ಗೇ ಆಗಿದೆ ಅಂತ ತೋರಿಸುವ ಭಾರ ಕೇಳುವವರ ಮೇಲಿದೆ. ಪ್ರತಿ ಖರ್ಚಿಗೂ ಮೊತ್ತ ಬೇಕು, ಉದ್ದೇಶ ಬೇಕು, ಪ್ರೊಟೆಸ್ಟ್‌ಗೂ ಅದಕ್ಕೂ ಇರುವ ನಂಟು ಬೇಕು. ನೌಕರರ ಗಂಟೆಗೆ ಇಷ್ಟು ಅಂತ ಹಾಕಿದರೆ ಆ ದರ ಹೇಗೆ ಬಂತು ಅನ್ನುವ ಲೆಕ್ಕವೂ ಬೇಕು.

ಹೀಗೆ ಬರೆಯಿರಿ: "ಮಾರ್ಚ್ 6, ಪ್ರಾಜೆಕ್ಟ್ ಮ್ಯಾನೇಜರ್, 2.5 ಗಂಟೆ. ನಮ್ಮ ಹಿಂದಿನ ಕೆಲಸದ ಅಂಕದ ಬಗ್ಗೆ ಡಿಬ್ರೀಫಿಂಗ್ ಪತ್ರ ಹೇಳಿದ್ದನ್ನೂ ನಮ್ಮ ಪ್ರಸ್ತಾವನೆಯ 14ರಿಂದ 19ನೇ ಪುಟವನ್ನೂ ಹೋಲಿಸಿ ವಕೀಲರಿಗೆ ಟಿಪ್ಪಣಿ ಬರೆದದ್ದು." ಇಷ್ಟು ಬರೆಯಲು ಒಂದು ನಿಮಿಷ ಸಾಕು. ಅವತ್ತೇ ಬರೆಯಬೇಕು ಅಷ್ಟೇ. ವಾರಕ್ಕೊಮ್ಮೆ ಬರೆದರೆ ಆಗಲೇ ಅರ್ಧ ಮರೆತಿರುತ್ತದೆ.

ವಕೀಲರಿಗೂ ಮೊದಲ ದಿನವೇ ಹೇಳಿಬಿಡಿ: ದಿನದ ಎಲ್ಲ ಕೆಲಸವನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಹಾಕಬೇಡಿ, ಒಂದೊಂದು ಕೆಲಸಕ್ಕೂ ಬೇರೆ ಸಾಲು ಹಾಕಿ ಅಂತ. ಈ ಕ್ಷೇತ್ರದಲ್ಲಿ ಪಳಗಿದ ವಕೀಲರಿಗೆ ಇದು ಗೊತ್ತಿರುತ್ತದೆ. ಆದರೂ ಹೇಳಿ. ಅವರ ಜೊತೆಗಿನ ಒಪ್ಪಂದ ಪತ್ರದಲ್ಲಿ ಯಾರ ಗಂಟೆಗೆ ಎಷ್ಟು ಅನ್ನುವುದು ಬರಹದಲ್ಲಿರಲಿ.

ಅಕೌಂಟ್ಸ್ ನೋಡಿಕೊಳ್ಳುವವರಿಗೂ ಒಂದು ಮಾತು ಹೇಳಬೇಕು. ಪ್ರೊಟೆಸ್ಟ್‌ಗೆಂದು ಪುಸ್ತಕದಲ್ಲಿ ಬೇರೆಯೇ ಕೋಡ್ ತೆರೆಯಲಿ. ಪ್ರೊಟೆಸ್ಟ್ ಹಾಕಿದ ಖರ್ಚನ್ನು ನಿಮ್ಮ ಬೇರೆ ಫೆಡರಲ್ ಗುತ್ತಿಗೆಗಳ ಸಾಮಾನ್ಯ ಆಡಳಿತ ಖರ್ಚಿನಲ್ಲಿ, ಅಂದರೆ ಓವರ್‌ಹೆಡ್‌ನಲ್ಲಿ ಸೇರಿಸಿ ಸರ್ಕಾರದಿಂದ ವಸೂಲಿ ಮಾಡುವಂತಿಲ್ಲ. ಫೆಡರಲ್ ಖರೀದಿ ನಿಯಮಗಳ ಪ್ರಕಾರ ಅದು ಒಪ್ಪಿಗೆ ಇಲ್ಲದ ಖರ್ಚು. ಗೊತ್ತಿಲ್ಲದೆ ಕಲಸಿಬಿಟ್ಟರೆ ಮುಂದೆ ಆಡಿಟ್‌ನಲ್ಲಿ ತಲೆನೋವು. ಬೇರೆ ಕೋಡ್ ಇದ್ದರೆ ಆ ತೊಂದರೆಯೂ ಇಲ್ಲ, ಕ್ಲೇಮ್ ಹಾಕುವಾಗ ಒಂದೇ ರಿಪೋರ್ಟ್‌ನಲ್ಲಿ ಎಲ್ಲವೂ ಸಿಗುತ್ತದೆ.

ಜಿಎಒಗೆ ಕಟ್ಟುವ ಫೀಸಿನ ರಸೀದಿಯನ್ನೂ ಅಲ್ಲೇ ಇಡಿ. 2018ರಲ್ಲಿ ಆನ್‌ಲೈನ್ ಫೈಲಿಂಗ್ ಶುರುವಾದಾಗ ಅದು 350 ಡಾಲರ್ ಇತ್ತು, 2022ರ ಅಕ್ಟೋಬರ್‌ನಿಂದ 500 ಆಯಿತು.

ಹೆಜ್ಜೆ 2: ನೀವು ಗೆದ್ದದ್ದು ಯಾವ ದಾರಿಯಲ್ಲಿ ಅಂತ ನೋಡಿ

ಮುಂದಿನ ಎಲ್ಲ ಗಡುವುಗಳೂ ಇದರ ಮೇಲೆ ನಿಂತಿವೆ.

ಒಂದು ದಾರಿಯಲ್ಲಿ ಜಿಎಒ ಪೂರ್ತಿ ವಿಚಾರಣೆ ಮಾಡಿ ನಿಮ್ಮ ಪ್ರೊಟೆಸ್ಟ್ ಎತ್ತಿಹಿಡಿಯುತ್ತದೆ. ಆಗ ಖರ್ಚಿನ ಶಿಫಾರಸು ಸಾಮಾನ್ಯವಾಗಿ ಅದೇ ತೀರ್ಪಿನ ಕೊನೆಯಲ್ಲಿ ಇರುತ್ತದೆ. ಕೊನೆಯ ಪ್ಯಾರಾ ಓದಿ. ಶಿಫಾರಸು ಇದ್ದರೆ ನೇರವಾಗಿ ಹೆಜ್ಜೆ 4ಕ್ಕೆ ಹೋಗಿ.

ಇನ್ನೊಂದು ದಾರಿಯಲ್ಲಿ ತೀರ್ಪು ಬರುವ ಮೊದಲೇ ಏಜೆನ್ಸಿ ತಾನಾಗಿ ಹಿಂದೆ ಸರಿಯುತ್ತದೆ. "ಮತ್ತೆ ಮೌಲ್ಯಮಾಪನ ಮಾಡುತ್ತೇವೆ" ಅಂತ ಪತ್ರ ಕೊಡುತ್ತದೆ. ಇದಕ್ಕೆ ಕರೆಕ್ಟಿವ್ ಆಕ್ಷನ್ ಅನ್ನುತ್ತಾರೆ. ಜಿಎಒ ಆಗ ಪ್ರೊಟೆಸ್ಟ್ ಫೈಲನ್ನು ಮುಚ್ಚುತ್ತದೆ.

ಹೆಚ್ಚು ಜನ ಗೆಲ್ಲುವುದು ಈ ಎರಡನೇ ದಾರಿಯಲ್ಲೇ. ಜಿಎಒ ಪ್ರತಿ ವರ್ಷ ಸಂಸತ್ತಿಗೆ ಕೊಡುವ ವರದಿ ನೋಡಿ. 2024ರ ಆರ್ಥಿಕ ವರ್ಷದಲ್ಲಿ 1,803 ಕೇಸು ದಾಖಲಾದವು. ಪೂರ್ತಿ ವಿಚಾರಣೆ ಆಗಿ ತೀರ್ಪು ಬಂದ ಕೇಸುಗಳಲ್ಲಿ ಎತ್ತಿಹಿಡಿದದ್ದು ಶೇ. 16. ಆದರೆ ತೀರ್ಪಿನಿಂದಲೋ ಕರೆಕ್ಟಿವ್ ಆಕ್ಷನ್‌ನಿಂದಲೋ ಒಟ್ಟಾರೆ ಏನಾದರೊಂದು ಪರಿಹಾರ ಸಿಕ್ಕಿದ್ದು ಶೇ. 52ರಷ್ಟು ಕೇಸುಗಳಲ್ಲಿ. ಈ ಎರಡು ಅಂಕಿಗಳ ನಡುವೆ ಇರುವವರೇ ಖರ್ಚು ಕೇಳದೆ ಸುಮ್ನೆ ಇದ್ದುಬಿಡುವ ಜನ. "ಹೇಗೂ ಏಜೆನ್ಸಿ ಒಪ್ಪಿತಲ್ಲ, ಫೈಲ್ ಮುಚ್ಚಿತಲ್ಲ" ಅಂತ ನೆಮ್ಮದಿಯಾಗಿ ಮುಂದಿನ ಬಿಡ್ ಕೆಲಸಕ್ಕೆ ಇಳಿಯುತ್ತಾರೆ. ಅಷ್ಟರಲ್ಲಿ 15 ದಿನ ಕಳೆದಿರುತ್ತದೆ.

ಹೆಜ್ಜೆ 3: 15 ದಿನದೊಳಗೆ ಜಿಎಒಗೆ ಅರ್ಜಿ

ಕರೆಕ್ಟಿವ್ ಆಕ್ಷನ್ ಕಾರಣಕ್ಕೆ ಜಿಎಒ ಫೈಲ್ ಮುಚ್ಚಿದ್ದು ನಿಮಗೆ ಗೊತ್ತಾದ ದಿನದಿಂದ 15 ದಿನದೊಳಗೆ "ನಮ್ಮ ಖರ್ಚು ಕೊಡುವಂತೆ ಶಿಫಾರಸು ಮಾಡಿ" ಅಂತ ಜಿಎಒಗೆ ಅರ್ಜಿ ಹಾಕಬೇಕು. ಗೊತ್ತಾಗಬೇಕಿದ್ದ ದಿನ ಇನ್ನೂ ಮುಂಚಿನದಾದರೆ ಆ ದಿನದಿಂದಲೇ ಲೆಕ್ಕ.

ಇವು ಕ್ಯಾಲೆಂಡರ್ ದಿನಗಳು. ಶನಿವಾರ, ಭಾನುವಾರ ಎಲ್ಲ ಸೇರುತ್ತವೆ. ಮೊದಲ ದಿನ ಎಣಿಸಬೇಡಿ. ಉದಾಹರಣೆಗೆ ಮಾರ್ಚ್ 3ಕ್ಕೆ ಫೈಲ್ ಮುಚ್ಚಿದ ಪತ್ರ ಬಂದರೆ ಕೊನೆಯ ದಿನ ಮಾರ್ಚ್ 18. ಆ ಕೊನೆಯ ದಿನ ಶನಿವಾರ, ಭಾನುವಾರ ಅಥವಾ ಫೆಡರಲ್ ರಜೆಯಾದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಸಮಯ ಸಂಜೆ 5:30, ವಾಷಿಂಗ್ಟನ್ ಗಡಿಯಾರದ ಪ್ರಕಾರ. ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ಅದು ಮಧ್ಯಾಹ್ನ 2:30. ಬೆಂಗಳೂರಿನಲ್ಲಿ ಬ್ಯಾಕ್ ಆಫೀಸ್ ಇಟ್ಟುಕೊಂಡು ಅಲ್ಲಿಂದ ಫೈಲ್ ಮಾಡಿಸುವವರು ಇದನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ಅರ್ಜಿಯಲ್ಲಿ ನೀವು ತೋರಿಸಬೇಕಾದ್ದು ಎರಡು ವಿಷಯ.

ಮೊದಲನೆಯದು, ನಿಮ್ಮ ತಕರಾರು ಕಣ್ಣಿಗೆ ಕಾಣುವಷ್ಟು ಸರಿಯಾಗಿತ್ತು. "ನಾವೂ ಸರಿ ಇರಬಹುದಿತ್ತು, ಅವರೂ ಸರಿ ಇರಬಹುದಿತ್ತು" ಅನ್ನುವಂಥದ್ದಾದರೆ ಸಾಲದು. ಏಜೆನ್ಸಿ ನಿಮ್ಮ ಆರೋಪ ಓದಿ ತನ್ನ ಕಡತ ಒಮ್ಮೆ ಸರಿಯಾಗಿ ತೆರೆದು ನೋಡಿದ್ದರೆ, ಸಮರ್ಥಿಸಿಕೊಳ್ಳಲು ತನ್ನ ಬಳಿ ಏನೂ ಇಲ್ಲ ಅಂತ ಅದಕ್ಕೇ ಗೊತ್ತಾಗುತ್ತಿತ್ತು. ಅಷ್ಟು ಸ್ಪಷ್ಟ ಇರಬೇಕು. ಏಜೆನ್ಸಿ ಹಿಂದೆ ಸರಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಿತು ಅಂತ ಆಗುವುದಿಲ್ಲ. ಹಾಗಾಗಿ ಕಡತದಿಂದಲೇ ಪುಟ, ಸಾಲು ಎತ್ತಿ ತೋರಿಸಿ. ಟೆಂಡರ್ ಪತ್ರ ಹೀಗೆ ಹೇಳಿತ್ತು, ಮೌಲ್ಯಮಾಪನ ವರದಿಯಲ್ಲಿ ಹೀಗೆ ಮಾಡಿದ್ದಾರೆ ಅಂತ ಅಕ್ಕಪಕ್ಕ ಇಡಿ.

ಎರಡನೆಯದು, ಏಜೆನ್ಸಿ ತಡ ಮಾಡಿತು. ಇದರ ಅಳತೆಗೋಲು ಸುಲಭ. ಪ್ರೊಟೆಸ್ಟ್ ಬಂದ ಸೂಚನೆ ಸಿಕ್ಕ 30 ದಿನದೊಳಗೆ ಏಜೆನ್ಸಿ ತನ್ನ ವರದಿ ಸಲ್ಲಿಸಬೇಕು. ಆ ಗಡುವಿಗೆ ಮೊದಲೇ ಕರೆಕ್ಟಿವ್ ಆಕ್ಷನ್ ತೆಗೆದುಕೊಂಡರೆ ಅದು ಬೇಗ ಮಾಡಿದ ಹಾಗೆ, ಖರ್ಚು ಸಿಗುವುದಿಲ್ಲ. ವರದಿ ಕೊಟ್ಟು, ನೀವು ಅದಕ್ಕೆ ಉತ್ತರ ಬರೆದು, ಆಮೇಲೆ ಹಿಂದೆ ಸರಿದರೆ ಅದು ತಡ.

ಅಂದರೆ 28ನೇ ದಿನ ಏಜೆನ್ಸಿ ಶರಣಾದರೆ ನಿಮ್ಮ ಅಷ್ಟು ದಿನದ ವಕೀಲರ ಬಿಲ್ ನಿಮ್ಮದೇ. ಇದು ಸರಿಯಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಪ್ರೊಟೆಸ್ಟ್ ಬರೆಯುವ ಮೊದಲ ಹತ್ತು ದಿನದಲ್ಲೇ ಸಣ್ಣ ಕಂಪನಿಯ ದುಡ್ಡು ಜಾಸ್ತಿ ಖರ್ಚಾಗುವುದು. ಏಜೆನ್ಸಿಗಳು ಬೇಗ ತಪ್ಪು ತಿದ್ದಿಕೊಳ್ಳಲಿ ಅನ್ನುವುದು ಈ ನಿಯಮದ ಆಶಯ. ಆ ಆಶಯ ಒಳ್ಳೆಯದೇ. ಆದರೆ ಅದರ ಬೆಲೆ ತೆರುವವರು ತಪ್ಪು ಹುಡುಕಿಕೊಟ್ಟವರು. ಹಾಗಾಗಿ ಪ್ರೊಟೆಸ್ಟ್ ಹಾಕುವಾಗಲೇ ವಕೀಲರ ಹತ್ತಿರ ಕೂತು, ಮೊದಲ 30 ದಿನಕ್ಕೆ ಎಷ್ಟು ಖರ್ಚಾಗಬಹುದು, ಅದು ವಾಪಸ್ ಬರದಿದ್ದರೂ ನಾವು ತಡೆದುಕೊಳ್ಳಬಲ್ಲೆವಾ ಅಂತ ಲೆಕ್ಕ ಹಾಕಿ.

ಇದರಿಂದ ಇನ್ನೊಂದು ಪಾಠವೂ ಇದೆ. ಗೊತ್ತಿರುವ ತಕರಾರುಗಳನ್ನೆಲ್ಲ ಮೊದಲ ಪ್ರೊಟೆಸ್ಟ್‌ನಲ್ಲೇ ವಿವರವಾಗಿ ಹಾಕಿ. ಏಜೆನ್ಸಿ ವರದಿ ನೋಡಿದ ಮೇಲೆ ಹೊಸ ತಕರಾರು ಸೇರಿಸಬಹುದು, ಅದು ಸಹಜ. ಆದರೆ ಆ ಹೊಸ ತಕರಾರಿಗೆ ಗಡಿಯಾರ ಹೊಸದಾಗಿ ಶುರುವಾಗುತ್ತದೆ. ಅದಕ್ಕೆ ಪೂರಕ ವರದಿ ಕೊಡುವ ಗಡುವಿನ ಮೊದಲು ಏಜೆನ್ಸಿ ಹಿಂದೆ ಸರಿದರೆ "ನಾವು ಬೇಗನೇ ಮಾಡಿದೆವು" ಅಂತ ವಾದಿಸುತ್ತದೆ, ಆ ವಾದ ಗೆಲ್ಲುವುದೂ ಉಂಟು. ಮೊದಲನೇ ದಿನ ಹೇಳಬಹುದಾದ್ದನ್ನು ಆಮೇಲೆ ಹೇಳಿದರೆ ನಷ್ಟ ನಿಮಗೇ.

ಕೆಲವು ಕೇಸುಗಳಲ್ಲಿ ಜಿಎಒ ವಕೀಲರೇ ಎರಡೂ ಕಡೆಯವರನ್ನು ಫೋನಿನಲ್ಲಿ ಕೂರಿಸಿಕೊಂಡು "ತೀರ್ಪು ಬರೆದರೆ ಪ್ರೊಟೆಸ್ಟ್ ಎತ್ತಿಹಿಡಿಯುವ ಸಾಧ್ಯತೆ ಇದೆ" ಅಂತ ಮುಂಚಿತವಾಗಿ ಹೇಳುತ್ತಾರೆ. ಔಟ್‌ಕಮ್ ಪ್ರಿಡಿಕ್ಷನ್ ಅಂತ ಅದರ ಹೆಸರು. ಅದಾದ ಮೇಲೆ ಏಜೆನ್ಸಿ ಹಿಂದೆ ಸರಿದಿದ್ದರೆ ನಿಮ್ಮ ಅರ್ಜಿಗೆ ದೊಡ್ಡ ಬಲ. ನಮ್ಮ ತಕರಾರು ಸ್ಪಷ್ಟವಾಗಿತ್ತು ಅನ್ನುವುದಕ್ಕೆ ಜಿಎಒ ಅದನ್ನೇ ಸೂಚನೆಯಾಗಿ ತೆಗೆದುಕೊಳ್ಳುತ್ತದೆ. ಆ ಕರೆಯ ದಿನಾಂಕ, ಯಾವ ವಿಷಯದ ಬಗ್ಗೆ ಏನು ಹೇಳಿದರು ಅನ್ನುವುದನ್ನು ಅವತ್ತೇ ಬರೆದಿಡಿ.

ನೀವು ಐದು ತಕರಾರು ಎತ್ತಿದ್ದೀರಿ, ಒಂದೇ ಒಂದು ಸ್ಪಷ್ಟವಾಗಿ ಸರಿ ಇತ್ತು ಅಂತಿಟ್ಟುಕೊಳ್ಳಿ. ಐದಕ್ಕೂ ಖರ್ಚು ಸಿಗುತ್ತದಾ? ಸಾಮಾನ್ಯವಾಗಿ ಜಿಎಒ ಎಲ್ಲ ವಿಷಯಗಳ ಖರ್ಚನ್ನೂ ಕೊಡಿಸುವ ಕಡೆಗೇ ವಾಲುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದೆ, ಬೇರೆಯೇ ಒಂದು ಪ್ರೊಟೆಸ್ಟ್ ಅನ್ನುವಷ್ಟು ದೂರ ಇದ್ದರೆ ಮಾತ್ರ ಕತ್ತರಿಸುತ್ತದೆ. ಹಾಗಾಗಿ ನಿಮ್ಮ ತಕರಾರುಗಳು ಒಂದೇ ಮೌಲ್ಯಮಾಪನದ ಎಳೆಗಳು, ಒಂದೇ ದಾಖಲೆಯಿಂದ ಬಂದವು ಅಂತ ಅರ್ಜಿಯಲ್ಲೇ ಹೇಳಿಬಿಡಿ.

ಅರ್ಜಿಗೆ ಏಜೆನ್ಸಿ 15 ದಿನದಲ್ಲಿ ಉತ್ತರ ಕೊಡಬಹುದು. ಆ ಉತ್ತರ ಕೈಗೆ ಬಂದ ಮೇಲೆ ನಿಮಗೆ ಮಾತಾಡಲು 10 ದಿನ.

ಹೆಜ್ಜೆ 4: 60 ದಿನದೊಳಗೆ ಏಜೆನ್ಸಿಗೆ ಕ್ಲೇಮ್

ಶಿಫಾರಸು ಬಂತು. ಈಗ ಎಷ್ಟು ಹಣ ಅನ್ನುವ ಮಾತು. ಇಲ್ಲಿ ಜನ ಎಡವುವುದು ಒಂದು ಸಣ್ಣ ವಿಷಯಕ್ಕೆ: ಈ ಕ್ಲೇಮ್ ಹೋಗಬೇಕಾದ್ದು ಜಿಎಒಗೆ ಅಲ್ಲ, ಗುತ್ತಿಗೆ ಕೊಟ್ಟ ಏಜೆನ್ಸಿಗೆ. ಶಿಫಾರಸು ನಿಮ್ಮ ಕೈಗೆ ಬಂದ 60 ದಿನದೊಳಗೆ ಕೊಡಬೇಕು. ಜೂನ್ 2ಕ್ಕೆ ಬಂದರೆ ಆಗಸ್ಟ್ 1 ಕೊನೆ. ಇಮೇಲ್ ಮಾಡಿ, ತಲುಪಿದೆ ಅಂತ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

60 ದಿನದಲ್ಲಿ ಒಂದು ಮೊತ್ತ ಬರೆದ ಪತ್ರ ಕಳಿಸಿ, ವಿವರ ಆಮೇಲೆ ಕೊಡೋಣ ಅಂದರೆ ಆಗುವುದಿಲ್ಲ. ಕಂತುಕಂತಾಗಿ ಕ್ಲೇಮ್ ಹಾಕುವುದನ್ನು ತಡೆಯಲಿಕ್ಕೇ ಈ ಗಡುವು ಇದೆ ಅಂತ ಜಿಎಒ ಮತ್ತೆ ಮತ್ತೆ ಹೇಳಿದೆ. ಸಾಕಷ್ಟು ವಿವರ ಇಲ್ಲದ ಕ್ಲೇಮ್ ಕೊಟ್ಟರೆ, ಹಕ್ಕೇ ಕಳೆದುಕೊಳ್ಳುವ ಅಪಾಯ ಇದೆ.

ವಕೀಲರ ಫೀಸಿನ ವಿಷಯದಲ್ಲಿ ಸಣ್ಣ ಕಂಪನಿಗಳಿಗೆ ಒಂದು ದೊಡ್ಡ ಅನುಕೂಲ ಇದೆ. ದೊಡ್ಡ ಕಂಪನಿಗಳಿಗೆ ಗಂಟೆಗೆ 150 ಡಾಲರ್ ಮಿತಿ. ಜೀವನ ವೆಚ್ಚ ಏರಿದೆ ಅಂತ ಬೆಲೆ ಸೂಚ್ಯಂಕ ತೋರಿಸಿ ಅದನ್ನು ಸ್ವಲ್ಪ ಏರಿಸಿಕೊಳ್ಳಬಹುದು, ಆದರೆ ಅದಕ್ಕೆ ಕೇಳಬೇಕು. ಕಾನೂನಿನ ಪ್ರಕಾರ ಸ್ಮಾಲ್ ಬಿಸಿನೆಸ್ ಅನ್ನಿಸಿಕೊಂಡವರಿಗೆ ಈ ಮಿತಿಯೇ ಇಲ್ಲ. ವಕೀಲರು 80 ಗಂಟೆ ದುಡಿದು ಗಂಟೆಗೆ 500 ಡಾಲರ್ ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ಒಟ್ಟು 40,000. ಮಿತಿ ಇದ್ದವರಿಗೆ ಅದೇ ಕೆಲಸಕ್ಕೆ 12,000. ಎಷ್ಟು ವ್ಯತ್ಯಾಸ ನೋಡಿ! ಹಾಗಾಗಿ ಆ ಗುತ್ತಿಗೆಗೆ ನಿಗದಿಯಾದ ಅಳತೆಯಲ್ಲಿ ನೀವು ಸ್ಮಾಲ್ ಬಿಸಿನೆಸ್ ಅನ್ನುವುದಕ್ಕೆ ದಾಖಲೆಯನ್ನು ಕ್ಲೇಮ್ ಜೊತೆಗೇ ಲಗತ್ತಿಸಿ. ಮಿತಿ ಇಲ್ಲ ಅಂದರೆ ಏನು ಬೇಕಾದರೂ ಹಾಕಬಹುದು ಅಂತ ಅಲ್ಲ. ಆ ಅನುಭವದ ವಕೀಲರು ಇಂಥ ಕೆಲಸಕ್ಕೆ ಸಾಮಾನ್ಯವಾಗಿ ತೆಗೆದುಕೊಳ್ಳುವ ದರಕ್ಕೆ ಅದು ಹೊಂದಬೇಕು.

ನಿಮ್ಮ ನೌಕರರ ಗಂಟೆಗಳಿಗೆ ಲೆಕ್ಕ ಬೇರೆ. ಗ್ರಾಹಕರಿಗೆ ನೀವು ಬಿಲ್ ಮಾಡುವ ದರ ಇಲ್ಲಿ ನಡೆಯುವುದಿಲ್ಲ. ಅದರಲ್ಲಿ ಲಾಭ ಸೇರಿರುತ್ತದೆ, ಲಾಭ ಕೊಡುವುದಿಲ್ಲ. ನಿಜವಾದ ಸಂಬಳದಿಂದ ಶುರು ಮಾಡಿ. ವರ್ಷಕ್ಕೆ 1,04,000 ಡಾಲರ್ ಸಂಬಳ ಇದ್ದವರಿಗೆ ವರ್ಷದ 2,080 ಕೆಲಸದ ಗಂಟೆಯಿಂದ ಭಾಗಿಸಿದರೆ ಗಂಟೆಗೆ 50. ಇದರ ಮೇಲೆ ವಿಮೆ, ರಜೆ ಮುಂತಾದ ಸೌಲಭ್ಯಗಳ ಪಾಲು, ಪುಸ್ತಕದಲ್ಲಿರುವ ನ್ಯಾಯವಾದ ಓವರ್‌ಹೆಡ್ ಸೇರಿಸಿ. ಸಂಬಳದ ದಾಖಲೆ, ಓವರ್‌ಹೆಡ್ ಲೆಕ್ಕದ ಹಾಳೆ ಜೊತೆಗಿರಲಿ. ಮಾಲೀಕರೇ ಕೂತು ದುಡಿದಿದ್ದರೆ ಅವರ ಗಂಟೆಗೂ ಇದೇ ರೀತಿ.

ಬೇರೆ ಹೋರಾಟಗಳ ಖರ್ಚನ್ನು ಇದರಲ್ಲಿ ಕಲಸಬೇಡಿ. ಜಿಎಒಗೆ ಬರುವ ಮೊದಲು ಏಜೆನ್ಸಿಯ ಒಳಗೇ ಪ್ರೊಟೆಸ್ಟ್ ಹಾಕಿ ಕಳೆದ ಗಂಟೆಗಳು, ಗೆದ್ದ ಕಂಪನಿ ನಿಜಕ್ಕೂ ಸಣ್ಣದಾ ಅಂತ ಸಣ್ಣ ಉದ್ದಿಮೆಗಳ ಫೆಡರಲ್ ಸಂಸ್ಥೆಯಾದ ಎಸ್‌ಬಿಎ ಮುಂದೆ ಕೇಳಿದ್ದು, ಸಂಸದರ ಕಚೇರಿಗೆ ಬರೆದ ಪತ್ರ, ಇವೆಲ್ಲ ಜಿಎಒ ಮುಂದಿನ ಪ್ರೊಟೆಸ್ಟ್‌ನ ಖರ್ಚಲ್ಲ. ಬಡ್ಡಿಯೂ ಇಲ್ಲ. ಇಂಥವು ನಾಲ್ಕು ಸಾಲು ನುಸುಳಿದರೂ ಏಜೆನ್ಸಿಯವರು ಉಳಿದ ನಲವತ್ತು ಸಾಲುಗಳನ್ನೂ ಅನುಮಾನದಿಂದ ನೋಡುತ್ತಾರೆ. ಕಳಿಸುವ ಮೊದಲು ನೀವೇ ಕತ್ತರಿ ಹಾಕಿ.

ವಕೀಲರ ಬಿಲ್ಲಿನಲ್ಲಿ ನಿಮ್ಮ ತಂತ್ರದ ಗುಟ್ಟು ಇರುತ್ತದೆ, ಅದನ್ನು ಮಸಿ ಹಚ್ಚಿ ಮುಚ್ಚಬಹುದು. ಆದರೆ ಏನು ಕೆಲಸ ಅಂತಲೇ ಕಾಣದಷ್ಟು ಮುಚ್ಚಿದರೆ ಆ ಗಂಟೆಗಳು ಹೋದವು ಅಂತಲೇ ತಿಳಿಯಿರಿ. ಕೊನೆಯಲ್ಲಿ ಗಂಟೆಗಳೂ ಖರ್ಚುಗಳೂ ನಿಜ ಅಂತ ದೃಢೀಕರಿಸಿ ಸಹಿ ಹಾಕಬೇಕು. ನಿಯಮದಲ್ಲೇ ಇದೆ, ಮರೆಯಬೇಡಿ.

ಹೆಜ್ಜೆ 5: ಚೌಕಾಸಿ, ಆಮೇಲೆ 10 ದಿನ

ಏಜೆನ್ಸಿ ಪೂರ್ತಿ ಮೊತ್ತಕ್ಕೆ ಒಂದೇ ಸಲ ಒಪ್ಪುವುದು ಕಮ್ಮಿ. "ಗಂಟೆಗಳು ಜಾಸ್ತಿ ಆಯಿತು" ಅಂತ ಬರೆಯುತ್ತಾರೆ. ಅದಕ್ಕೆ ಹೆದರಬೇಡಿ. ಯಾವ ಗಂಟೆ, ಯಾಕೆ ಜಾಸ್ತಿ ಅಂತ ಕಾರಣ ಸಹಿತ ಹೇಳದೆ ಬರೀ ಜಾಸ್ತಿ ಅಂದರೆ ಜಿಎಒ ಒಪ್ಪುವುದಿಲ್ಲ. ನಯವಾಗಿ ವಾಪಸ್ ಕೇಳಿ: "ದಯವಿಟ್ಟು ಸಾಲಿನ ಸಂಖ್ಯೆ ಹೇಳಿ." ನಮ್ಮ ವಕೀಲರ ಬಿಲ್ ಬಹುಪಾಲು ಉಳಿದದ್ದು ಈ ಒಂದು ಪ್ರಶ್ನೆಯಿಂದ.

ಹಾಗಂತ ಕೊನೆಯ ಡಾಲರ್‌ವರೆಗೂ ಹಟ ಹಿಡಿಯಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ದಾಖಲೆ ಗಟ್ಟಿ ಇರುವಲ್ಲಿ ಬಗ್ಗಬೇಡಿ, ತೆಳುವಾಗಿರುವಲ್ಲಿ ಬಿಟ್ಟುಕೊಟ್ಟು ಬೇಗ ಮುಗಿಸಿ. ಅದೇ ಏಜೆನ್ಸಿಯ ಜೊತೆ ನಾಳೆ ಕೆಲಸ ಮಾಡಬೇಕಲ್ವಾ.

ಮಾತು ಮುರಿದುಬಿದ್ದರೆ, ಅಂದರೆ "ಇನ್ನು ಈ ಬಗ್ಗೆ ಮಾತಾಡುವುದಿಲ್ಲ" ಅಂತ ಏಜೆನ್ಸಿ ತಿಳಿಸಿದರೆ, ಆ ದಿನದಿಂದ 10 ದಿನದೊಳಗೆ ಮೊತ್ತ ಎಷ್ಟು ಅಂತ ಶಿಫಾರಸು ಮಾಡಲು ಜಿಎಒಗೆ ಹೋಗಬಹುದು. ಅಲ್ಲೂ ಏಜೆನ್ಸಿಗೆ ಉತ್ತರಿಸಲು 15 ದಿನ, ನಿಮಗೆ ಮತ್ತೆ 10 ದಿನ. ಹೀಗೆ ಜಿಎಒ ಮುಂದೆ ಕ್ಲೇಮ್ ನಡೆಸಿದ ಖರ್ಚನ್ನೂ ಕೊಡಿಸುವ ಅವಕಾಶ ನಿಯಮದಲ್ಲಿದೆ, ಅದನ್ನೂ ಕೇಳಿ.

ಕೋರ್ಟಿಗೆ ಹೋಗಿದ್ದರೆ

ಕೆಲವರು ಜಿಎಒ ಬಿಟ್ಟು ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್‌ಗೆ ಹೋಗುತ್ತಾರೆ. ಅಲ್ಲಿ ಪರಿಹಾರವಾಗಿ ಸಿಗುವ ಹಣ ಬಿಡ್ ತಯಾರಿಸಿದ ಖರ್ಚು ಮಾತ್ರ. ವಕೀಲರ ಫೀಸಿಗೆ ಬೇರೆ ಕಾನೂನು ಇದೆ, ಈಕ್ವಲ್ ಆಕ್ಸೆಸ್ ಟು ಜಸ್ಟಿಸ್ ಆಕ್ಟ್. ಕಂಪನಿಯ ನಿವ್ವಳ ಆಸ್ತಿ 70 ಲಕ್ಷ ಡಾಲರ್ ಮೀರಿರಬಾರದು, ನೌಕರರು 500 ದಾಟಿರಬಾರದು. ಸರ್ಕಾರದ ನಿಲುವಿಗೆ ಸರಿಯಾದ ಆಧಾರ ಇತ್ತು ಅಂತ ಸರ್ಕಾರ ತೋರಿಸಿಬಿಟ್ಟರೆ ಹಣ ಇಲ್ಲ. ಫೀಸಿನ ಮಿತಿ ಗಂಟೆಗೆ 125 ಡಾಲರ್, ಅದರ ಮೇಲೆ ಬೆಲೆ ಏರಿಕೆಯ ಹೊಂದಾಣಿಕೆ. ಸಣ್ಣ ಕಂಪನಿಗಳಿಗೆ ಜಿಎಒದಲ್ಲಿರುವ ಮಿತಿ ಇಲ್ಲದ ಅನುಕೂಲ ಇಲ್ಲಿ ಇಲ್ಲ. ಅಂತಿಮ ತೀರ್ಪಿನ ನಂತರ 30 ದಿನದಲ್ಲಿ ಅರ್ಜಿ ಹಾಕಬೇಕು. ಎಲ್ಲಿಗೆ ಹೋಗುವುದು ಅಂತ ತೀರ್ಮಾನಿಸುವಾಗ ಇದನ್ನೂ ತಕ್ಕಡಿಯಲ್ಲಿ ಇಡಿ.

"ಸೋತರೆ ಸರ್ಕಾರದ ಖರ್ಚನ್ನು ನಾವು ಕೊಡಬೇಕಾಗುತ್ತದಂತೆ, ಹೌದಾ?" ಅಂತ ಕೆಲವರು ಹೆದರಿಕೆಯಿಂದ ಕೇಳುತ್ತಾರೆ. ಈ ಮಾತು ಹುಟ್ಟಿದ್ದು 2018ರ ರಕ್ಷಣಾ ಕಾಯ್ದೆಯ ಒಂದು ಪ್ರಯೋಗದಿಂದ. ವರ್ಷಕ್ಕೆ 25 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯ ಇರುವ ಕಂಪನಿಗಳು ರಕ್ಷಣಾ ಇಲಾಖೆಯ ವಿರುದ್ಧ ಪ್ರೊಟೆಸ್ಟ್ ಹಾಕಿ ಸೋತರೆ ಇಲಾಖೆಯ ಖರ್ಚು ಕೊಡಬೇಕು ಅಂತ ಅದರಲ್ಲಿತ್ತು. 2021ರ ಆರ್ಥಿಕ ವರ್ಷದ ರಕ್ಷಣಾ ಕಾಯ್ದೆ ಅದನ್ನು ತೆಗೆದುಹಾಕಿತು. ಅದು ಇದ್ದಾಗಲೂ ಸಣ್ಣ ಕಂಪನಿಗಳಿಗೆ ತಟ್ಟುತ್ತಿರಲಿಲ್ಲ.

ಈಚೆಗೆ ಪರಿಚಯದವರೊಬ್ಬರು ರಾತ್ರಿ ಫೋನ್ ಮಾಡಿದ್ದರು. ಏಜೆನ್ಸಿ ವರದಿ ಕೊಟ್ಟು ಎರಡು ವಾರ ಆದ ಮೇಲೆ ಹಿಂದೆ ಸರಿದಿತ್ತು, ಜಿಎಒ ಫೈಲ್ ಮುಚ್ಚಿತ್ತು. ಅವರು ಖುಷಿಯಲ್ಲಿದ್ದರು. "ಫೈಲ್ ಮುಚ್ಚಿ ಎಷ್ಟು ದಿನ ಆಯಿತು ಸಾರ್?" ಅಂತ ಕೇಳಿದೆ. ಆ ಕಡೆಯಿಂದ ಕ್ಯಾಲೆಂಡರ್ ಹಾಳೆ ತಿರುವುವ ಸದ್ದು. "ಇವತ್ತಿಗೆ ಹನ್ನೆರಡು" ಅಂದರು. ಮಾರನೇ ದಿನ ಬೆಳಗ್ಗೆಯೇ ವಕೀಲರ ಜೊತೆ ಕೂತರು. ಹದಿನಾಲ್ಕನೇ ದಿನ ಮಧ್ಯಾಹ್ನ ಅರ್ಜಿ ಹೋಯಿತು.